ಕಣ್ಣಿಗೆ ಕತ್ತಲು ಕುಡಿಸೋ ಹೊತ್ತು

…ಅಲ್ಲ ಮಿನೋರಿ, ದೀಪ ತಿರುಗಿಸಿದ್ದು ನಾನೇ ಕಣೇ. ಇಲ್ಲ ಅಂದೆನಾ? ತಿರುಗಿಸಿದೆ! ನೀನು ಮೇಲೆ ಕಾಲಿಗೆ ಸ್ನೋಬೋರ್ಡ್ ಕಟ್ಕೊಂಡು ನಿಂತಿದ್ದೆ, ನಾನು ಕೆಳಗೆ ಕ್ಯಾಮೆರಾ ಇಟ್ಕೊಂಡು ನಿಂತಿದ್ದೆ. ಕೆಳಗಿನವನು ದೀಪ ಸುತ್ತ ತಿರುಗಿಸಿದ್ರೆ ‘ಇಳಿಯೋ ಜಾಗ ಚೊಕ್ಕಟವಾಗಿದೆ, ಹಾರಮ್ಮ’ ಅಂತ ಅರ್ಥ. ಇದನ್ನ ನನಗೇ ಪಾಠ ಹೇಳ್ತೀಯಾ? ಈ ಗುಡ್ಡಕ್ಕೆ ಆ ಪದ್ಧತಿ ತಂದವನೇ ಈ ಟೊಕುಜಿ! ಆದ್ರೆ ನೀನು ಇಳಿಯೋ ಜಾಗಕ್ಕೆ ಆ ಉಕ್ಕಿನ ಕೇಬಲ್ ಬಂದಿದ್ದು ನನ್ನಿಂದಲ್ಲ. ಅದು ತಕೆಮುರನದ್ದು. ರಾತ್ರಿ ಹೊತ್ತು ಹಿಮ ಹಸನು ಮಾಡ್ತಾನಲ್ಲ, ಆ ಯಂತ್ರ ಜಾರದ ಹಾಗೆ ಮೇಲಿನ ಕಂಬಕ್ಕೆ ಕಟ್ಟಿರೋದು. ಮುನಿಸ್ಕೊಳ್ಳೋದಾದ್ರೆ ಹೋಗಿ ಅವನ ಮೇಲೆ ಮುನಿಸ್ಕೋ. ಬೇಜಾರಲ್ಲಿ ಎರಡು ಹೊತ್ತು ಊಟ ಬಿಡ್ತಾನೆ. ಯಂತ್ರಕ್ಕೂ ಭಾರ ಕಡಿಮೆ ಆಗುತ್ತೆ.

ನಗ್ಲಿಲ್ಲ. ಸರಿ.

ಕೂತ್ಕೋ ಮಹಾತಾಯಿ. ನಿಂತೇ ಇದ್ರೆ ಪೊಲೀಸರು ಬಂದ ಹಾಗಿರುತ್ತೆ. ಆ ಕಿಟಕಿ ಹತ್ರ ಸ್ಟೂಲಿದೆ ನೋಡು. ಶನಿವಾರದಿಂದ ಒಂದು ಮಾತಿಲ್ಲ, ಒಂದು ಕಥೆಯಿಲ್ಲ. ಇವತ್ತು ಈ ಗುಡ್ಡದ ಗುಡಿಸಲಿನ ಬಾಗಿಲು ತಳ್ಕೊಂಡು ಬಂದೆ, ‘ಶನಿವಾರ ಯಾಕೆ ದೀಪ ತಿರುಗಿಸಿದ್ರಿ ಮಾಮ?’ ಅಂತ ಒಂದೇ ಒಂದು ಪ್ರಶ್ನೆ ಎಸೆದೆ, ಆಮೇಲೆ ಬಾಯಿಗೆ ಬೀಗ. ನಿಮ್ಮಮ್ಮನೂ ಹೀಗೇ. ತನ್ನ ಉದೊನ್ ಶಾವಿಗೆ ಅಂಗಡಿಯಲ್ಲಿ ಬಟ್ಟಲು ಇಟ್ಟು ಹೋಗ್ತಾಳೆ, ಉಪ್ಪು ಕಡಿಮೆ ಅಂದ್ರೆ ಸುಮ್ನೆ ನೋಡ್ತಾಳೆ. ನೋಡೋ ರೀತಿಗೆ ಉಪ್ಪು ತಾನಾಗೇ ಸರಿಹೋಗುತ್ತೆ!

ಇಗೋ, ಒಣ ಬೊಂಡಾಸ್ ಮೀನು. ಒಲೆ ಮೇಲೆ ಈಗಷ್ಟೇ ಸುಟ್ಟಿದ್ದು. ತಗೋ… ತಗೋ ಅಂದೆ. ಬೇಡ್ವಾ? ಹಾಗಾದ್ರೆ ನಾನೇ ತಿಂತೀನಿ. ನಿನ್ನ ಮುನಿಸಿಗೆ ಮೀನು ಯಾಕೆ ಎರಡನೇ ಸಲ ಸಾಯ್ಬೇಕು?

ಹ್ಞಾ, ಶನಿವಾರ. ಹೇಳ್ತೀನಿ ಕೇಳು. ತಕೆಮುರ ನನಗೆ ಏನಂದಿದ್ದ? ‘ಟೊಕುಜಿ, ಹಿಂಬದಿ ಇಳಿಜಾರಿಗೆ ಇವತ್ತು ನಾನು ಬರೋಲ್ಲ.’ ದೇವರಾಣೆ ಅಂದಿದ್ದ. ಅಂದ್ಮೇಲೆ ನಾನು ನಂಬಬೇಕೋ ಬೇಡ್ವೋ? ನಂಬಿದೆ. ದೀಪ ತಿರುಗಿಸಿದೆ. ನೀನು ಜುಯ್ಯಂತ ತುದಿಗೆ ಬಂದೆ… ಬಂದು, ಕೇಬಲ್ ಕಂಡು, ಹಾರೋ ಬದ್ಲು ದೊಪ್ಪಂತ ಕುಂಡೆ ಊರಿ ಕೂತೆ! ನಾನು ಕೆಳಗೆ ಕಾಯ್ತಾ ಇದ್ದೀನಿ, ಕಾಯ್ತಾ ಇದ್ದೀನಿ, ಹುಡುಗಿ ಬರ್ತಾನೇ ಇಲ್ಲ. ಮೂತ್ರಕ್ಕೆ ಹೋದಳೇನೋ ಅಂದ್ಕೊಂಡೆ.

ಹಾಗೆ ನೋಡ್ಬೇಡ. ಗೊತ್ತು. ಹಿಮದಡಿ ಮಲಗಿರೋ ಕೇಬಲ್ಲು ಯಂತ್ರ ಎಳೆದ ತಕ್ಷಣ ಸೆಟೆದು ಸೊಂಟದೆತ್ತರಕ್ಕೆ ಏಳುತ್ತೆ. ಹಾರಿ ಬಂದವಳು ಅದಕ್ಕೆ ಸಿಕ್ಕಿದ್ರೆ… ಗೊತ್ತು ಕಣೇ! ನನಗೆ ಗೊತ್ತಿಲ್ವಾ? ಎರಡು ಹೋಳು. ಮೇಲಿನ ಹೋಳು ಪತ್ರಿಕೆಯ ಮುಖಪುಟಕ್ಕೆ, ಕೆಳಗಿನದು ಹಿಂಬದಿ ಪುಟಕ್ಕೆ.

ಇದಕ್ಕೂ ನಗ್ಲಿಲ್ಲ. ಇವತ್ತು ನನ್ನ ಸರಕು ಯಾವುದೂ ಮಾರಾಟವಾಗೋ ಹಾಗೆ ಕಾಣ್ತಿಲ್ಲ.

ಏನು? ಯಾಕೆ ತಲೆ ಅಲ್ಲಾಡಿಸ್ತೀಯ? ತಕೆಮುರನ್ನ ಕೇಳಿದ್ಯಾ? ಓ… ಕೇಳೇಬಿಟ್ಟಿದ್ದೀಯ. ಏನಂದ? ‘ಬರ್ತೀನಿ ಅಂತ ಮೊದ್ಲೇ ಹೇಳಿದ್ದೆ’ ಅಂದನಾ? ಅವನು ಕುಡುಕ ಕಣೇ! …ಸರಿ, ಬಿಟ್ಟು ಆರು ವರ್ಷ ಆಯ್ತು. ಬಿಟ್ಟ ಕುಡುಕ ಕುಡಿಯೋ ಕುಡುಕನಿಗಿಂತ ಸುಳ್ಳ.

ಆಯ್ತು, ಆಯ್ತು. ನಿಜ ಹೇಳ್ತೀನಿ. ನಾನು ದೀಪ ತಿರುಗಿಸಲೇ ಇಲ್ಲ. ಏನಾಯ್ತು ಅಂದ್ರೆ, ದೀಪದ ಮೇಲೆ ಹಿಮ ಕೂತಿತ್ತು, ಕೊಡವಿದೆ. ಹೀಗೆ, ಹೀಗೆ ಅಂತ. ಅಲ್ಲಿಂದ ನಿನಗೆ ಸುತ್ತ ತಿರುಗಿಸಿದ ಹಾಗೆ ಕಂಡಿದೆ. ದೂರ, ಕತ್ತಲು, ಬೀಳ್ತಾ ಇರೋ ಹಿಮ. ಯಾರಿಗೆ ತಾನೇ ಸರಿಯಾಗಿ ಕಾಣುತ್ತೆ ಹೇಳು? ಯಾರಿಗೂ ಕಾಣೋಲ್ಲ! ಯಾರಿಗೂ!

ಏನು ಹಾಗೆ ಹುಬ್ಬೇರಿಸ್ತೀಯ? ಈಗತಾನೇ ‘ತಿರುಗಿಸಿದ್ದು ನಾನೇ’ ಅಂದೆನಾ? ಅಂದಿರ್ಬಹುದು. ನಾನು ದಿನಕ್ಕೆ ಎಷ್ಟೋ ಮಾತು ಅಂತೀನಿ, ಎಲ್ಲಕ್ಕೂ ಜವಾಬು ಕೊಡ್ತಾ ಕೂತ್ರೆ ಫೋಟೋ ತೆಗೆಯೋರು ಯಾರು?

ಹೋಗ್ಲಿ ಬಿಡು, ಬಾಯಿ ಬಿಡಿಸ್ತಾ ಇದ್ದೀಯ, ಹೇಳಿಬಿಡ್ತೀನಿ. ಅದು ಪರೀಕ್ಷೆ. ಹ್ಞೂ! ಪರೀಕ್ಷೆ. ಕೇಬಲ್ ನನಗೆ ಕಾಣ್ತಾ ಇತ್ತು. ಹುಡುಗಿ ದೀಪ ನಂಬಿ ಕುರಿ ಹಾಗೆ ಹಾರ್ತಾಳೋ, ಸ್ವಂತ ಕಣ್ಣಲ್ಲಿ ನೋಡ್ತಾಳೋ ಅಂತ. ನೀನು ನೋಡಿದೆ! ಪಾಸಾದೆ! ಶಿಷ್ಯೆ ಅಂದ್ರೆ ಹೀಗಿರ್ಬೇಕು ಅಂತ ನನಗೆ ಎದೆ ಉಬ್ಬಿ… ಎಲ್ಲಿ ಹೊರಟೆ? ಏ! ಬಾಗಿಲು ಬಿಡು! ಕೂತ್ಕೋ! ತಮಾಷೆ ಕಣೇ, ತಮಾಷೆ. ಪರೀಕ್ಷೆ ಅಂದಿದ್ದು ತಮಾಷೆ. ಅಷ್ಟೂ ಗೊತ್ತಾಗಲ್ವಾ? ಕೂತ್ಕೋ… ಹಾಗೆ. ನನ್ನ ಎದೆ ಹೊಡ್ಕೊಳ್ತಿದೆ ನೋಡು. ಈ ವಯಸ್ಸಿನವರ ಮುಂದೆ ಯಾರಾದ್ರೂ ಹಾಗೆ ದಢಾರಂತ ಎದ್ದು ನಿಲ್ತಾರಾ?

ನನ್ನ ತಮಾಷೆ ಇಡೀ ಊರಿಗೇ ಗೊತ್ತು. ನೀನಿನ್ನೂ ಚಿಕ್ಕವಳಿದ್ದೆ. ಫ್ಲಾಶಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ, ಹಿಮ ಬೀಳೋ ರಾತ್ರಿ ಪೈನ್ ತೋಪಿನ ಹಿಂದೆ ಪಳ್ ಪಳ್ ಅಂತ ಹೊಡೆದಿದ್ದೆ. ಬೆಂಕಿ ನರಿ ಬಂತು ಅಂತ ಮುದುಕಿಯರೆಲ್ಲ ಬಾಗಿಲಲ್ಲಿ, ನರಿಗೆ ಇಷ್ಟ ಅಂತ, ಕರಿದ ತೋಫು ಇಟ್ರು. ನರಿ ಬಂದು ತಿಂತು. ಆ ನರಿಗೆ ಮೀಸೆ ಇತ್ತು, ಕೊರಳಲ್ಲಿ ಕ್ಯಾಮೆರಾ ಇತ್ತು. ಆಮೇಲೆ ಅಗ್ನಿಶಾಮಕದವರು ಬಂದು… ಹಾ! ತುಟಿ ಅಲ್ಲಾಡ್ತು! ನೋಡ್ದೆ! ನನ್ನ ಕಣ್ಣು ತಪ್ಪಿಸೋಕಾಗುತ್ತಾ?

ಯಾರದು ಫೋನಲ್ಲಿ ಟಿಣ್ ಅಂದಿದ್ದು? ತೋರಿಸ್ತೀಯಾ? ತೋರಿಸು. ಇಷ್ಟು ಹತ್ರ ಯಾಕೆ ಹಿಡೀತೀಯ, ಓದೋಕೆ ಬರುತ್ತೆ ನನಗೆ. ‘ಇವತ್ತು ದೀಪ ಹಿಡಿಯೋಕೆ ನಾನು ಬರ್ಲಾ? ಟೊಕುಜಿ ಸಾನ್ ಬರೀ ಫೋಟೋ ತೆಗೆದ್ರೆ ಸಾಕು. ಸೊತಾ.’

ಓಹೋ.

ಓಹೋಹೋ! ಸೊತಾ! ಸಪ್ಪೊರೊದಿಂದ ಬಂದಿರೋ ಡ್ರೋನ್ ದೊರೆ! ಹಿಮ ಬಿದ್ರೆ ಅವನ ಡ್ರೋನಿಗೆ ನೆಗಡಿ, ಗಾಳಿ ಬಂದ್ರೆ ತಲೆಸುತ್ತು. ಹೋದ ತಿಂಗಳು ಅದು ಹಾರಿಹೋಗಿ ದೇವಸ್ಥಾನದ ಗಂಟೆಗೆ ಹೊಡ್ಕೊಂಡು, ಪೂಜಾರಪ್ಪ ಮಧ್ಯಾಹ್ನ ನಿದ್ದೆಯಿಂದ ಎದ್ದು ಹೊಸ ವರ್ಷದ ಗಂಟೆ ಬಾರಿಸ್ತಿದ್ದಾರೆ ಅಂದ್ಕೊಂಡನಂತೆ. ಅಂಥವನು ನನ್ನ ದೀಪ ಹಿಡೀತಾನಾ? ‘ಬರೀ ಫೋಟೋ ತೆಗೆದ್ರೆ ಸಾಕು!’ ಎಷ್ಟು ದೊಡ್ಡ ಮನಸ್ಸು! ನಾಳೆ ‘ಬರೀ ಕ್ಯಾಮೆರಾ ಹೊತ್ರೆ ಸಾಕು’ ಅಂತಾನೆ. ನಾಡಿದ್ದು ‘ಬರೀ ಮನೇಲಿದ್ರೆ ಸಾಕು’ ಅಂತಾನೆ.

ನೀನು ಕರೆಸಿದ್ಯಾ ಅವನನ್ನ? …ತಲೆ ತಗ್ಗಿಸ್ಬೇಡ, ಕೇಳಿದ್ದಕ್ಕೆ ಹೇಳು. ಹ್ಞೂ ಅನ್ನೋದಾದ್ರೂ ಅನ್ನು. ನೀನೇ ಕರೆಸಿದ್ದೀಯ.

ನೋಡು ಮಿನೋರಿ, ದೀಪ ಬೇರೆ ಫೋಟೋ ಬೇರೆ ಅಲ್ಲ. ತುದಿಗೆ ಬರೋವರೆಗೂ ಮೇಲಿರೋಳಿಗೆ ಕೆಳಗಿನ ನೆಲ ಕಾಣೋಲ್ಲ. ಕೆಳಗಿರೋನ ಕಣ್ಣೇ ಅವಳ ಕಣ್ಣು. ಅವಳು ಆ ಕಣ್ಣನ್ನ ನಂಬಿ ಗಾಳಿಗೆ ಬಿದ್ದಾಗಲೇ ಮೈಯಲ್ಲಿ ಆ ಬಿಗುವು ಬರೋದು, ಆ ಬೆರಳು ಹರಡೋದು, ಅದೇ ಫೋಟೋ! ದೀಪ ಇನ್ನೊಬ್ಬನಿಗೆ ಕೊಟ್ರೆ ನಾನು ಯಾರು? ಮದುವೆ ಮನೇಲಿ ‘ಸ್ವಲ್ಪ ನಗಿ’ ಅನ್ನೋನು. ದೀಪ ಹೋಯ್ತು ಅಂದ್ರೆ ಟೊಕುಜಿ ಹೋದ. ಬರೆದಿಟ್ಕೋ.

ನಕ್ಕೆ. ಈಗ್ಯಾಕೆ ನಗು? ನಾನು ತಮಾಷೆ ಮಾಡಿದಾಗ ನಗೋಲ್ಲ, ಗಂಭೀರವಾದಾಗ ಕಿಸಿಕ್ ಅಂತೀಯ.

ಹೊರಗೆ ನೋಡು, ಹೊರಗೆ. ಎಂಥಾ ಹಿಮ! ಗಾಳಿ ಒಂಚೂರೂ ಇಲ್ಲ. ಎಸಳೆಸಳಾಗಿ ನೆಟ್ಟಗೆ ಬೀಳ್ತಿದೆ, ನಾಚ್ಕೊಂಡು ಬರೋ ಮದುಮಗಳ ಹಾಗೆ. ಇಂಥದ್ದು ಈ ಚಳಿಗಾಲದಲ್ಲಿ ಇನ್ನೊಂದ್ಸಲ ಸಿಗೋಲ್ಲ. ಪತ್ರಿಕೆಗೆ ನಿನ್ನ ಮುಖಪುಟದ ಫೋಟೋ ಇವತ್ತೇ, ಇಲ್ಲಾಂದ್ರೆ ಇಲ್ಲ. ಆ ಟೋಕಿಯೋ ಸಂಪಾದಕ ಹೀಟರ್ ಮುಂದೆ ಕಾಲು ಚಾಚ್ಕೊಂಡು ‘ಇನ್ನಷ್ಟು ಹಿಮ ಇರ್ಲಿ, ಆದ್ರೆ ಮುಖ ಸ್ಪಷ್ಟ ಇರ್ಲಿ’ ಅಂತ ಬರೀತಾನೆ. ಬಿರಿಯಾನಿ ಬೇಕು, ಅಕ್ಕಿ ಬೇಡ ಅಂದ ಹಾಗೆ! ಹೌದು ಕಣೇ, ಕೋಬೆಯಲ್ಲಿ ಬಿರಿಯಾನಿ ತಿಂದಿದ್ದೀನಿ, ನಿನಗೇನು ಗೊತ್ತು ನಾನು ಎಲ್ಲೆಲ್ಲಿ ಏನೇನು ತಿಂದಿದ್ದೀನಿ.

ಆ ಸೊತಾ ಫ್ಲಾಶನ್ನ ಕ್ಯಾಮೆರಾ ತಲೆ ಮೇಲೇ ಕೂರಿಸ್ತಾನೆ. ಹೊಡೆದ್ರೆ ಏನಾಗುತ್ತೆ? ಲೆನ್ಸ್ ಮುಂದಿರೋ ಹಿಮವೆಲ್ಲ ಬೆಳಗಿ ಹತ್ತಿಯುಂಡೆ! ಹಿಂದಿರೋ ಮನುಷ್ಯ ಹಾಸಿಗೆ ಹರಿದು ಅದರೊಳಗಿಂದ ಇಣುಕೋ ತಿಗಣೆ. ನಾನೆಲ್ಲಿಡ್ತೀನಿ? ಹಿಂದೆ. ಹಾರೋರ ಬೆನ್ನ ಹಿಂದೆ, ಹಿಮದಲ್ಲಿ ಹೂತು, ಹೋಟೆಲಿನವರು ಸ್ನಾನಕ್ಕೆ ಕೊಡೋ ಪ್ಲಾಸ್ಟಿಕ್ ಟೋಪಿ ಹಾಕಿ. ಬೆಳಕು ಹಿಂದಿನಿಂದ ಬಂದ್ರೆ ಒಂದೊಂದು ಎಸಳಿಗೂ ಅಂಚು ಹತ್ಕೊಳ್ಳುತ್ತೆ, ಮನುಷ್ಯ ನಡುವೆ ಕಪ್ಪಗೆ ತೇಲ್ತಾನೆ. ಬೆಳಿಗ್ಗೆನೇ ಹೋಗಿ ನೀನು ಹಾರೋ ಜಾಗಕ್ಕೆ ಬಿದಿರು ಕೋಲು ನೆಟ್ಟು ಫೋಕಸ್ ಮಾಡಿ ಲೆನ್ಸಿಗೆ ಟೇಪು ಸುತ್ತಿಟ್ಟಿದ್ದೀನಿ. ರಾತ್ರಿ ಅದನ್ನ ಮುಟ್ಟೋ ಹಾಗೇ ಇಲ್ಲ.

ಯಾವಾಗ ಒತ್ತೋದು ಅಂತ ಹೇಗೆ ಗೊತ್ತಾಗುತ್ತೆ ಅಂತೀಯಾ? ಕಿವಿ! ಕಿವಿ ಕಣೇ! ಹಲಗೆ ಹಿಮದ ಮೇಲೆ ಇರೋವರೆಗೂ ಸುಯ್ ಅಂತಿರುತ್ತೆ. ಸದ್ದು ನಿಂತ ಕ್ಷಣ ನೀನು ಗಾಳಿಯಲ್ಲಿದ್ದೀಯ. ಒಂದು ಉಸಿರು, ಒತ್ತಿದೆ. ಮುಗೀತು. ಈ ಎರಡು ಚಳಿಗಾಲ ನಾನು ತೆಗೆದ ಫೋಟೋ ಎಲ್ಲ ಕಿವಿಯಲ್ಲೇ ತೆಗೆದಿದ್ದು, ಬಹುಮಾನ ಬಂದಿದ್ದೂ ಸೇರಿ! ತೀರ್ಪುಗಾರರು ‘ಇವರ ದೃಷ್ಟಿ ಅಸಾಧಾರಣ’ ಅಂತ ಬರೆದ್ರು. ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ದೆ…

ಏನು? ಏನು ಹಾಗೆ ನೋಡ್ತೀಯ? ಬಡಾಯಿ ಅದು. ನನ್ನ ಬಡಾಯಿ ನಿನಗೆ ಹೊಸದಾ?

ಆ ಹಗ್ಗ ಯಾಕೆ ಎಳೀತೀಯ? ಬಿಡು, ಸುತ್ತಿಟ್ಟಿದ್ದೀನಿ. ಇಲ್ಲಿಂದ ಕ್ಯಾಮೆರಾವರೆಗೂ ಕಟ್ಟೋದಕ್ಕೆ. ಟ್ರೈಪಾಡ್ ಬೀಳದೇ ಇರ್ಲಿ ಅಂತ… ಹ್ಞಾ, ಉದ್ದ ಇದೆ. ಟ್ರೈಪಾಡ್ ಬೀಳೋದಾದ್ರೆ ದೂರ ಬೀಳಬಹುದಲ್ಲ! ಮುಂಜಾಗ್ರತೆ ಅಂತಾರೆ ಅದಕ್ಕೆ. ಆ ಡಬ್ಬಿ ಮೂಸ್ಬೇಡ, ಹಾವುಮೀನಿನ ಲಿವರ್ ಅದು. ರುಚಿಗೆ ತಿಂತೀನಿ. ದಿನಾ ತಿಂತೀನಿ. ಗಂಡಸರಿಗೆ ಬೇರೆ ಬೇರೆ ಉಪಯೋಗ ಇರುತ್ತೆ, ಎಲ್ಲ ನಿನಗೆ ವಿವರಿಸೋಕಾಗೋಲ್ಲ. ನಿನ್ನ ಅಜ್ಜಿ ಬದುಕಿದ್ದಿದ್ರೆ ಏನಂತಿದ್ಲು? ‘ಇರುಳುಗಣ್ಣಿನವರು ಹಾವುಮೀನು ತಿನ್ನಬೇಕು.’ ಅನ್ಲಿ ಬಿಡು. ಅವಳು ನೆಗಡಿಗೂ ಮೂಲಂಗಿ ಅಂತಿದ್ಲು, ಅಳಿಯ ಸರಿಯಿಲ್ಲ ಅಂದ್ರೂ ಮೂಲಂಗಿ ಅಂತಿದ್ಲು.

ನಿಮ್ಮಮ್ಮ ಏನಾದ್ರೂ ಹೇಳಿದ್ಲಾ? ಅಸಾಹಿಕಾವಾ ಆಸ್ಪತ್ರೆ ಮೆಟ್ಟಿಲ ಮೇಲೆ ನನ್ನ ಕಂಡೆ ಅಂತ? ಹಲ್ಲಿಗೆ ಹೋಗಿದ್ದೆ. ಹಲ್ಲು! ಈ ಕಡೆ ದವಡೆ. ಅಲ್ಲಿ ಕಣ್ಣಿನವರೂ ಹಲ್ಲಿನವರೂ ಅಕ್ಕಪಕ್ಕ ಕೂರ್ತಾರೆ, ನಾನೇನು ಮಾಡ್ಲಿ? ಆ ಕಣ್ಣಿನ ಡಾಕ್ಟರು ಪಾಪ ಒಳ್ಳೆಯವನು, ‘ಹಗಲು ಏನೂ ತೊಂದರೆಯಿಲ್ಲ, ಇನ್ನೂ ಬಹಳ ವರ್ಷ ಹಗಲು ಚೆನ್ನಾಗೇ…’ ಅಂತ ಯಾರಿಗೋ ಹೇಳ್ತಿದ್ದ. ಬಾಗಿಲು ತೆರೆದಿತ್ತು. ಕಿವಿಗೆ ಬಿತ್ತು.

ಮಿನೋರಿ, ಹೊತ್ತಾಯ್ತು. ಮುಂಬದಿ ಇಳಿಜಾರಿನ ಲಿಫ್ಟ್ ನಿಲ್ಲಿಸಿದ್ರು ಅನ್ಸುತ್ತೆ, ಅಲ್ಲಿ ಹಾಕೋ ಹಾಡು ನಿಂತಿದೆ. ಹೊರಡೋಣ್ವಾ? ಸೊತಾನಿಗೆ ಬೇಡ ಅಂತ ಕಳಿಸು. ನೀನು ಮೇಲೆ, ನಾನು ಕೆಳಗೆ, ಯಾವಾಗಿನ ಹಾಗೆ. ಹಲಗೆಗೆ ಮೇಣ ಹಚ್ಚಿದ್ಯಾ? ಸರಿ, ಏಳು.

ಏಳಲ್ವಾ? ಏನು ಬಾಕಿ ಇದೆ?

ಓ. ಅದಾ. ಕಣ್ಣಿಗೆ ಕತ್ತಲು ಕುಡಿಸೋದು.

ಇವತ್ತು ಬೇಡ ಕಣೇ. ಆ ಶಾಸ್ತ್ರವೆಲ್ಲ ಹೊಸಬರಿಗೆ. ಹೌದು, ನಾನೇ ಕಲಿಸಿದ್ದು. ಹೊರಡೋ ಮುಂಚೆ ದೀಪ, ಒಲೆ ಎಲ್ಲ ಆರಿಸಿ ಸುಮ್ನೆ ಕೂತ್ಕೋಬೇಕು, ಕಣ್ಣು ಕತ್ತಲು ಕುಡಿದು ಕುಡಿದು ಹೊಟ್ಟೆ ತುಂಬಿದ ಮೇಲೆ ಬಾಗಿಲು ತೆಗೀಬೇಕು, ಆಗ ಹಿಮವೇ ದೀಪ, ನೆಲದ ಉಬ್ಬು ತಗ್ಗೆಲ್ಲ ತಾನಾಗೇ ಕಾಣುತ್ತೆ. ಎಲ್ಲ ಸರಿ. ಆದ್ರೆ ನಾವು ಹಳಬರು. ನಮ್ಮ ಕಣ್ಣು ಹುಟ್ಟಾ ಕುಡುಕರು! ಮತ್ತೆ ಒಲೆ ಆರಿಸಿದ್ರೆ ಬ್ಯಾಟರಿ ತಣ್ಣಗಾಗುತ್ತೆ. ನನ್ನ ಮಂಡಿ ಹಿಡ್ಕೊಳ್ಳುತ್ತೆ. ಮೀನು ಬೇರೆ ಅರ್ಧ ಸುಟ್ಟಿದೆ… ಏ, ಸ್ವಿಚ್ ಬಿಡು. ಮಿನೋರಿ. ಮಿನೋರಿ, ಬೇಡ, ಒಂದು ನಿಮಿಷ…

ಆರಿಸಿದೆ. ಒಲೆಯೂನಾ? ಹಟಮಾರಿ. ಆಯ್ತು ತಾಯಿ, ಕುಡೀಲಿ. ನಿನ್ನ ಕಣ್ಣೂ ಕುಡೀಲಿ, ನನ್ನ ಕಣ್ಣೂ ಕುಡೀಲಿ.

…

ಚೆನ್ನಾಗಿದೆ. ಆಹಾ. ಈಗ ಒಂದೊಂದಾಗಿ ಕಾಣೋಕೆ ಶುರುವಾಯ್ತು. ಅದೋ ಕಿಟಕಿ ಚೌಕಟ್ಟು. ಅದೋ ಕೆಟಲ್ಲು. ನೀನು ಮತ್ತೆ ಸ್ಟೂಲಿಗೆ ಹೋಗಿ ಕೂತೆ. ಕಾಲ ಮೇಲೆ ಕಾಲು. ಬೂಟು ಹಾಕ್ಕೊಂಡು ಕಾಲ ಮೇಲೆ ಕಾಲು, ದೊಡ್ಡ ದೊರೆಸಾನಿ. ಮುಖ ಹಾಗೇ ಇದೆ, ನೆನೆಸಿಟ್ಟ ಬೇಳೆ ಹಾಗೆ ಊದ್ಕೊಂಡು.

ಕತ್ತಲಲ್ಲಿ ಮಾತಾಡಿದ್ರೆ ತೆರಿಗೆ ಹಾಕ್ತಾರಾ?

ಈಗ ನಕ್ಕೆ. ನಕ್ಕೆ ಅಲ್ವಾ? ನೋಡ್ದೆ. ಹಲ್ಲು ಹೊಳೀತು. ಯಾಕೆ ನಗ್ತೀಯ? ಮುದುಕ ಹೆದರಿದ ಅಂತಾನಾ? ಸುಮ್ನೆ ನಿನ್ನ ಆಟ ಆಡಿಸಿದ್ದು ಕಣೇ. ನನಗೆ ನಿನಗಿಂತ ಚೆನ್ನಾಗಿ ಕಾಣುತ್ತೆ. ನಿನ್ನ ಟೋಪಿ ಬಲಗಡೆ ಸರಿದಿದೆ. ಸರಿಮಾಡ್ಕೋ… ಹಾಂ, ಈಗ ಸರಿಯಾಯ್ತು.

ಸ್ಟೂಲು ಕಿರುಗುಟ್ಟಲಿಲ್ಲವಲ್ಲ… ಪರವಾಗಿಲ್ಲ. ಹೊಸ ಸ್ಟೂಲು.

ಕೇಳು, ಇವತ್ತು ನೀನು ಹಾರುವಾಗ ಎಡಗೈ ಸ್ವಲ್ಪ ಹೊರಗೆ ಚಾಚು. ಬೆರಳು ಬಿಡಿಸು. ಮಿಕ್ಕಿದ್ದೆಲ್ಲ ನನಗೆ ಬಿಡು. ದೀಪ ತಿರುಗಿಸಿದೆ ಅಂದ್ರೆ ಹಾರು. ನೋಡಿಯೇ ತಿರುಗಿಸ್ತೀನಿ. ಎರಡು ಸಲ ನೋಡ್ತೀನಿ, ಮೂರು ಸಲ ನೋಡ್ತೀನಿ… ನಂಬಿಕೆ ಇದೆ ತಾನೆ? ಮಿನೋರಿ? ಹ್ಞೂ ಅನ್ನು.

ಹ್ಞೂ ಅನ್ನು ಅಂದೆ.

ಹೋಗ್ಲಿ, ಬೈಯಿ. ‘ಮುದುಕ, ಸುಳ್ಳ’ ಅಂತ ಬೈಯಿ. ಒಂದು ಸದ್ದು ಮಾಡೇ.

ಅಲ್ಲೇ ಇದ್ದೀಯ ಅಲ್ವಾ? ಇದ್ದೀಯ. ಕಾಣ್ತಾ ಇದ್ದೀಯ. ಸ್ಪಷ್ಟವಾಗಿ. ಕಿಟಕಿ ಹತ್ರ. ನನಗೆ ಎಲ್ಲ ಕಾಣ್ತಿದೆ. ಸಾಕು, ಕುಡಿದಿದ್ದು ಸಾಕು, ನಾನು ಏಳ್ತೀನಿ, ಬಾಗಿಲು ತೆಗೀತೀನಿ, ನೀನು ಹಲಗೆ ತಗೊಂಡು…

ಅಯ್ಯೋ! ಏನಿದು? ಮೂಗಿಗೇ ಬಡೀತಲ್ಲ… ಏನಿದು ಇಲ್ಲಿ…

ಕೈ.

ನಿನ್ನ ಕೈಯೇನೇ ಇದು? ನನ್ನ ಕಣ್ಣ ಮುಂದೆ… ಗ್ಲೌಸೂ ಇಲ್ಲ… ಇಷ್ಟು ತಣ್ಣಗಾಗಿದೆಯಲ್ಲೇ ಮಗಳೇ… ಎಷ್ಟು ಹೊತ್ತಿಂದ ಹೀಗೆ ಹಿಡ್ಕೊಂಡು ನಿಂತಿದ್ದೀಯ?